ಪುಣೆಯಲ್ಲೊಂದು ಮಂಚ, ತಿಪಟೂರಿನಲ್ಲೊಂದು ಕೋರ್ಟು

ಪುಣೆಗೆ ಬಂದ ವಾರದಲ್ಲೇ ಜೀವನದಲ್ಲಿ ಮೊದಲ ಸಲ ದುಡ್ಡು ಕೊಟ್ಟು ಕೊಬ್ಬರಿ ಕೊಂಡೆ. ಅಂಗಡಿಯವನು ಉಂಡೆಯನ್ನು ಬೆರಳಲ್ಲಿ ತಟ್ಟಿ, "ಟಿಪ್ಟೂರ್‌ಚಾ ಮಾಲ್" ಎಂದ. ತಿಪಟೂರಿನ ಸರಕು ಎಂದರ್ಥ. ನಾನೂ ಅಲ್ಲಿಯವಳೇ ಎಂದು ಹರಕು ಹಿಂದಿಯಲ್ಲಿ ಹೇಳಿದೆ. ಅವನು ಮುಂದಿನ ಗಿರಾಕಿಯ ಕಡೆ ತಿರುಗಿದ. ಅಪ್ಪ ಸುಲಿದದ್ದೇ ಇರಬಹುದು ಎನ್ನಿಸಿ ನಡುರಸ್ತೆಯಲ್ಲೇ ಅಳು ಬಂತು.

ಅಪ್ಪ ನೊಣವಿನಕೆರೆ ಕಡೆಯ ತೋಟದವರ ಮನೆಗಳಲ್ಲಿ ಕೊಬ್ಬರಿ ಸುಲಿಯುವ ಕೂಲಿ. ಯಾರದೋ ಜಮೀನಿನ ಜಗಳಕ್ಕೆ ಸಾಕ್ಷಿಯಾಗಿ ಒಮ್ಮೆ ತಿಪಟೂರು ಕೋರ್ಟಿನಲ್ಲಿ ನಿಂತಿದ್ದರು. ಯಾರು ಏನು ಕೇಳಿದರು, ತಾವು ಹೇಳಿದ್ದೇನು, ಒಂದೂ ತಿಳಿಯದೆ ಮನೆಗೆ ಬಂದಿದ್ದರು. ಅಲ್ಲಿ ನಮ್ಮವರೂ ಒಬ್ಬರು ಕರಿಕೋಟು ಹಾಕಿ ನಿಲ್ಲಬೇಕೆಂಬ ಹಟ ಅವತ್ತು ಅವರನ್ನು ಹಿಡಿಯಿತು. ಪಿಯುಸಿ ಆದಾಗ ಊರೆಲ್ಲ ಟಿಸಿಎಚ್ ಓದಿ ಟೀಚರ್ ಆಗು, ಬೇಗ ಸಂಬಳ ಬರುತ್ತದೆ ಎಂದಿತು. ಅಪ್ಪನೂ ನಾನೂ ಕೇಳಲಿಲ್ಲ. ತುಮಕೂರಿನ ಹಾಸ್ಟೆಲಿನಲ್ಲಿದ್ದು ಐದು ವರ್ಷ ಲಾ ಓದಿದೆ.

ಓದು ಮುಗಿಸಿ ಅಪ್ಪನ ಜೊತೆ ತಿಪಟೂರಿನ ಹಿರಿಯ ವಕೀಲರೊಬ್ಬರ ಆಫೀಸಿಗೆ ಹೋದೆ. "ಜೂನಿಯರ್‌ಗೆ ಸಂಬಳ ಅಂತ ಇರಲ್ಲ ಕಣಮ್ಮ. ನಾಲ್ಕೈದು ವರ್ಷ ಕೂತ್ಕೋ, ಕೇಸು ತಾನಾಗೇ ಬರುತ್ತೆ" ಎಂದರು. ಒಳ್ಳೆಯ ಮನುಷ್ಯರೇ. ಕಾಲೇಜಿನಲ್ಲಿ ಇದನ್ನು ಯಾರೂ ಹೇಳಿರಲಿಲ್ಲ, ಕೇಳಬೇಕೆಂದು ನಮಗೂ ಗೊತ್ತಿರಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಅಪ್ಪ ಹೇಳಿದರು. "ಕಾಯಿ ಅಟ್ಟದ್ ಮ್ಯಾಲೆ ವರ್ಷಗಟ್ಲೆ ಕೂತ್ರೇನೇ ಕೊಬ್ರಿ ಆಗಾದು. ಅಟ್ಟ ಇರೋರು ಕಾಯ್ತಾರೆ. ನಾವೆಲ್ಲಿ ಕಾಯಾನ ಕಣವ್ವ?"

ಪುಣೆಯ ಸಾಲ ಕೊಡುವ ಕಂಪನಿಯೊಂದಕ್ಕೆ ಕರ್ನಾಟಕದ ಜಮೀನು ಪತ್ರ ಓದುವ ಲಾ ಪದವೀಧರರು ಬೇಕಾಗಿದ್ದರು. ಮೊದಲ ತಿಂಗಳಿಂದಲೇ ಸಂಬಳ. "ಎರಡು ವರ್ಷ ದುಡಿದು ಬಂದು ಕೋರ್ಟಿಗೆ ಹೋಗ್ತೀನಪ್ಪ" ಎಂದು ಮಾತು ಕೊಟ್ಟು ಹೊರಟೆ.

ಇಲ್ಲಿ ನಮ್ಮಂಥವರಿಗೆ ಬಾಡಿಗೆಗೆ ಸಿಗುವುದು ಮನೆಯಲ್ಲ, ಮಂಚ. ಅದಕ್ಕೆ 'ಕಾಟ್ ಬೇಸಿಸ್' ಎನ್ನುತ್ತಾರೆ. ಮನೆಯೊಡತಿಯನ್ನು ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯಬೇಕು. ಬೇಳೆಸಾರಿಗೆ ಬೆಲ್ಲ ಹಾಕುತ್ತಾರೆ. ರಾಗಿಗೆ ನಾಚಣಿ ಎನ್ನುತ್ತಾರೆಂದು ಕಲಿತು ಅಂಗಡಿಯಲ್ಲಿ ಹಿಟ್ಟು ಕೇಳಿದರೆ, ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂದು ವಿಚಾರಿಸಿದರು. ನಾನು ಮಾಡಿದ ಮುದ್ದೆಯನ್ನು ಕಾಕು ಹತ್ತು ನಿಮಿಷ ಅಗಿದರು. ನುಂಗಬೇಕು ಎಂದು ಹೇಳಿಕೊಟ್ಟೆ. ಮರಾಠಿಯಲ್ಲಿ ನಾನು ಗೆದ್ದ ಮೊದಲ ವಾದ ಅದು. ಆದರೆ ಭಾನುವಾರ ಸಂಜೆಗಳನ್ನು ಕಳೆಯುವುದು ಮಾತ್ರ ಕಷ್ಟವಾಗುತ್ತಿತ್ತು.

ಎರಡು ವರ್ಷ ತುಂಬುವ ಹೊತ್ತಿಗೆ ತಂಗಿ ಶೋಭಾ, "ಅಕ್ಕ, ನಾನೂ ಲಾ ಓದ್ತೀನಿ" ಎಂದಳು. ನಾನು ವಾಪಸ್ ಹೋದರೆ ಅವಳ ಓದಿಗೆ ದಾರಿಯಿಲ್ಲ. ಓದು ಮುಗಿದ ಮೇಲೂ ಸಂಬಳವಿಲ್ಲದೆ ಕೂರಬೇಕಲ್ಲ, ಆಗಲೂ ಮನೆ ನಡೆಯಬೇಕು. ಉಳಿದುಕೊಂಡೆ. ಅಪ್ಪ ಫೋನಿನಲ್ಲಿ ಪ್ರತಿ ಸಲ ಕೇಳುತ್ತಿದ್ದರು, "ಕೆಲ್ಸ ಬುಟ್ಟು ಯಾವಾಗ್ ಬತ್ತೀಯ?" ಮುಂದಿನ ವರ್ಷ ಎನ್ನುತ್ತಿದ್ದೆ. ವರ್ಷಗಳು ಹೀಗೇ ಹೋದವು.

ಈಗ ಶೋಭಾ ಅದೇ ವಕೀಲರ ಆಫೀಸಿನಲ್ಲಿ ಜೂನಿಯರ್. ಹೋದ ವಾರ ಅವಳ ಮೊಬೈಲಿನಿಂದ ಅಪ್ಪ ಮಾತಾಡಿದರು.

"ನಿನ್ ತಂಗಿ ಇವತ್ತು ಕೋರ್ಟ್‌ನಾಗೆ ಎದ್ದು ನಿಂತು ಮಾತಾಡುದ್ಲು ಕಣವ್ವ. ನಾನು ಹಿಂದ್ಗಡೆ ಬೆಂಚ್ ಮ್ಯಾಲೆ ಕೂತಿದ್ದೆ. ಜಡ್ಜ್ ಸಾಹೇಬ್ರು ತಲೆಯೆತ್ತಿ ಕೇಳಿಸ್ಕಂಡ್ರು."

ನನಗೆ ಸಂತೋಷವಾಯಿತು, ಹೊಟ್ಟೆಯೂ ಉರಿಯಿತು. ಎರಡೂ ನಿಜ.

"ದೀಪಾವಳಿಗೆ ಬರ್ತೀನಪ್ಪ" ಎಂದೆ.

"ಬಾರವ್ವ, ಬಂದು ನಾಕು ದಿನ ಇದ್ದು ಹೋಗು."

ನೆಂಟರಿಗೆ ಹೇಳುವ ಮಾತನ್ನು ಅಪ್ಪ ಎಷ್ಟು ಅಕ್ಕರೆಯಿಂದ ಹೇಳಿದರೆಂದರೆ, ಆಗಲಿ ಎನ್ನದೆ ಬೇರೆ ದಾರಿ ಇರಲಿಲ್ಲ. ಕೆಲಸ ಬಿಟ್ಟು ಯಾವಾಗ ಬರುತ್ತೀಯ ಎಂದು ಈ ಸಲ ಅವರು ಕೇಳಲಿಲ್ಲ.