ನಾನು ಚಾಲು ಎಂದದ್ದು

ನನಗೆ ಆಗ ಮೂವತ್ತೆರಡು. ಆ ಮಾತಿಗೆ ಈಗ ಐವತ್ತಾರು ವರ್ಷವಾಯಿತು. ತೊಂಡೇಬಾವಿಯಿಂದ ಬೆಳಗಿನ ರೈಲಿಗೆ ಹೋಗಿ ಗೌರಿಬಿದನೂರಿನ ಹೊರಗಿನ ಸೋಪಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದೆ. ಕೊಪ್ಪರಿಗೆಯಲ್ಲಿ ಕಾಯುವ ಎಣ್ಣೆಗೆ ಅಟ್ಟಣೆಯ ಮೇಲಿನ ತೊಟ್ಟಿಯಿಂದ ಕಾಸ್ಟಿಕ್ ನೀರು ಬಿಡಬೇಕು. ಚರ್ಮ ತಿನ್ನುವ ನೀರು ಅದು. ಮೇಲೆ ನಲ್ಲಿ ತಿರುಗಿಸುವವನಿಗೆ ಕೊಪ್ಪರಿಗೆ ಕಾಣುವುದಿಲ್ಲ. ಕೆಳಗೆ ನಿಂತು ನೋಡಿ, ಸಾಕಾದಾಗ ಕೂಗುವುದು ನನ್ನ ಕೆಲಸ.

ಒಂದು ದಿನ ಕೂಗಿದೆ. ನೀರು ನಿಲ್ಲುವ ಬದಲು ಜೋರಾಯಿತು. ಕೊಪ್ಪರಿಗೆ ಉಕ್ಕಿತು, ಉಕ್ಕಿದ್ದು ನನ್ನ ಎಡಗಾಲಿನ ಮೇಲೆ ಬಿತ್ತು. ಕಾಲಿನ ಕಥೆ ಬೇಡ, ಈಗಲೂ ಆ ಕಾಲಿನಲ್ಲೇ ನಡೆಯುತ್ತೇನೆ.

ನಮ್ಮೂರಿನ ಹಳೆಯ ನಲ್ಲಿಯವನು ಕೆಲಸ ಬಿಟ್ಟು, ಮೈಸೂರು ಕಡೆಯ ಸಾಬರೊಬ್ಬರು ಸೇರಿ ಎಂಟು ದಿನವಾಗಿತ್ತು. ಅವರನ್ನು ತೆಗೆಯುವುದೆಂದು ಮ್ಯಾನೇಜರು ತೀರ್ಮಾನಿಸಿದ್ದರು. ಅದಕ್ಕೆ ಮುಂಚೆ ವಿಚಾರಿಸಲು ಬೆಂಗಳೂರಿನಿಂದ ಒಬ್ಬ ಇಂಜಿನಿಯರು ಬಂದರು. ನಾನೂ ಕಾಲಿಗೆ ಬಟ್ಟೆ ಸುತ್ತಿಕೊಂಡು ಹೋದೆ.

ಅವರು ದೊಡ್ಡ ಹಾಳೆ ಹಾಸಿ, ಮೇಲ್ತುದಿಯಲ್ಲಿ "ಕೊಪ್ಪರಿಗೆ ಉಕ್ಕಿತು" ಎಂದು ಬರೆದು ಕೆಳಕ್ಕೆ ಗೆರೆ ಎಳೆದರು.

"ಇದು ಮರ ಕಣಮ್ಮ. ಯಾಕೆ ಉಕ್ತು, ಅದಕ್ಕೇನು ಕಾರಣ, ಆ ಕಾರಣಕ್ಕೇನು ಕಾರಣ, ಹಿಂಗೇ ಇಳೀಬೇಕು."

"ಬರೀ ಬೇರೇ ಬರ್ದಿದೀರಲ್ಲ ಸ್ವಾಮಿ. ಎಲೆ ಎಲ್ಲಿ?"

ಅವರು ನಕ್ಕು, ಗೆರೆಗಳಿಗೆ ಎರಡು ಥರ ಗಂಟು ಹಾಕಿದರು. ಒಂದು ಗಂಟಿನ ಕೆಳಗಿನ ಕಾರಣಗಳಲ್ಲಿ ಯಾವುದೊಂದಾದರೂ ಅನಾಹುತ. ಇನ್ನೊಂದರ ಕೆಳಗಿನವು ಎಲ್ಲವೂ ಒಟ್ಟಿಗೆ ಆದರೆ ಮಾತ್ರ ಅನಾಹುತ. ನಲ್ಲಿ ಕೆಟ್ಟಿರಲಿಲ್ಲ, ಪೈಪು ಒಡೆದಿರಲಿಲ್ಲ. ಅವನ್ನು ಹೊಡೆದು ಹಾಕಿ ಸಾಬರ ಕಡೆ ತಿರುಗಿದರು.

"ಈಯಮ್ಮ ಕೂಗಿದ್ದು ಕೇಳಿಸ್ತಾ?"

"ಕೇಳಿಸ್ತು ಸಾಬ್. ಚಾಲು, ಚಾಲು ಅಂದ್ರು. ಅದಕ್ಕೇ ಇನ್ನೂ ಜೋರಾಗಿ ಚಾಲೂ ಮಾಡ್ದೆ."

"ಸುಳ್ಳು!" ಎಂದರು ಮ್ಯಾನೇಜರು. "ಉಕ್ತಾ ಇರೋವಾಗ ಯಾರಾದ್ರೂ ಚಾಲೂ ಅಂತಾರಾ? ನಾಳೆಯಿಂದ ಬರ್ಬೇಡ ನೀನು."

ನನಗೆ ಆಗ ಹೊಳೆಯಿತು. ನಮ್ಮ ಮನೆಮಾತು ತೆಲುಗು. ಅದರಲ್ಲಿ ಚಾಲು ಎಂದರೆ ಸಾಕು. ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಕೆಲಸ ಉಳಿಯುತ್ತಿತ್ತು. ಸಾಬರು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟರು.

"ಅಂದಿದ್ದು ನಿಜ ಸ್ವಾಮಿ. ನಮ್ಮಲ್ಲಿ ಚಾಲು ಅಂದ್ರೆ ಸಾಕು ಅಂತ."

ಸಾಬರು ಅಲ್ಲೇ ನಿಂತರು. "ಅಯ್ಯೋ ಅಕ್ಕ! ಸಾಕು ಅನ್ನೋಕೆ ಏನಾಗಿತ್ತು ನಿಮ್ಗೆ?"

"ಕಾಲ ಹತ್ರ ಉಕ್ತಾ ಇದ್ರೆ ಮನೆಮಾತೇ ಬರೋದು ಸಾಬ್ರೆ. ನಿಮ್ ಕಾಲಿಗೆ ಬಿದ್ದಿದ್ರೆ ನೀವು ಕನ್ನಡದಲ್ಲಿ ಕೂಗ್ತಿದ್ರಾ?"

"ಹಂಗಾದ್ರೆ ನೀನೇ ಹೋಗು," ಎಂದರು ಮ್ಯಾನೇಜರು ನನಗೆ.

ಇಂಜಿನಿಯರು ತಲೆಯೆತ್ತದೆ, ಎರಡನೆಯ ಗಂಟಿನ ಕೆಳಗೆ ಮೂರು ಬರೆದರು: ಹೊಸಬ, ಕೊಪ್ಪರಿಗೆ ಕಾಣದು, ಚಾಲು.

"ಮೂರೂ ಸೇರಿದ್ದಕ್ಕೇ ಉಕ್ಕಿದ್ದು. ಹಳಬ ಆಗಿದ್ರೆ ಇದೇ ಮಾತಿಗೆ ನಿಲ್ಲಿಸ್ತಿದ್ದ. ಒಂದನ್ನ ಕಿತ್ರೆ ಸಾಕು ಸ್ವಾಮಿ. ಆ ಮಾತು ಕೀಳಿ, ಇವರಿಬ್ರೂ ಇರ್ಲಿ."

ಮ್ಯಾನೇಜರು ಗೊಣಗಿಕೊಂಡು ಒಳಗೆ ಹೋದರು. ನಾವಿಬ್ಬರೂ ಉಳಿದೆವು.

ಮಾರನೆಯ ಬೆಳಗ್ಗೆ ಮನೆಯಿಂದ ಒಂದು ಹಳೆಯ ತಟ್ಟೆ ಒಯ್ದು ಕೊಪ್ಪರಿಗೆಯ ಪಕ್ಕದ ಕಂಬಕ್ಕೆ ಕಟ್ಟಿದೆ. ನೀರು ಸಾಕಾದಾಗ ಬಾಯಿ ಬಿಡದೆ ಸೌಟಿನಿಂದ ಅದಕ್ಕೆ ಬಾರಿಸಿದೆ.