ಸುಟ್ಟ ಗುಡ್ಡಕ್ಕೆ ಬನ್ನಿ ಒಯ್ದದ್ದು

ದಸರೆ ಮುಗಿದ ಮೂರನೆಯ ದಿನ, ಬೆಳಗಿನ ಏಳು ಗಂಟೆಗೆ ನರಗುಂದ ಬಿಟ್ಟೆವು. ನಾವು ಅಂದರೆ ನಾನು, ಎಪ್ಪತ್ತು ದಾಟಿದ ನನ್ನ ಅವ್ವ, ಮತ್ತು ನನ್ನ ಹಳೆಯ ಕಾರು. ಕಾರು ಓಡಿಸುವವಳು ನಾನೇ. ಐವತ್ತರ ಹೆಂಗಸು ಸ್ಟೇರಿಂಗ್ ಹಿಡಿದರೆ ತಿರುಗಿ ನೋಡುವವರು ನಮ್ಮಲ್ಲಿ ಇನ್ನೂ ಇದ್ದಾರೆ, ನೋಡಲಿ. ಅವ್ವನ ಮಡಿಲಲ್ಲಿ ಕರ್ಚೀಫಿನಲ್ಲಿ ಕಟ್ಟಿದ ಬನ್ನಿ ಎಲೆ ಇತ್ತು.

ಹೋಗಬೇಕಾದದ್ದು ಗಜೇಂದ್ರಗಡದ ಆಚೆ, ಗುಡ್ಡದ ಬುಡದಲ್ಲಿರುವ ಅವ್ವನ ತವರಿಗೆ. ಹೆಚ್ಚುಕಡಿಮೆ ಅರವತ್ತು ಕಿಲೋಮೀಟರು. ಅಲ್ಲಿ ಅವ್ವನ ತಮ್ಮ ಶಿವಪ್ಪ ಮಾಮಾ ಇದ್ದಾನೆ. ದಸರೆಯ ಮರುದಿನ ಮೊದಲ ಬಸ್ಸಿಗೆ ಬಂದು, ಅಕ್ಕನ ಕೈಗೆ ಬನ್ನಿ ಕೊಟ್ಟು ಕಾಲಿಗೆ ಬೀಳುವುದನ್ನು ಅವನು ಒಂದು ವರ್ಷವೂ ತಪ್ಪಿಸಿದವನಲ್ಲ. ಕಿರಿಯರು ಹಿರಿಯರ ಮನೆಗೆ ಹೋಗಿ ಬನ್ನಿ ಕೊಡುವುದು ನಮ್ಮ ಪದ್ಧತಿ. ಈ ಸಲ ಅವನು ಬರಲಿಲ್ಲ. ಯಾಕೆ ಬರಲಿಲ್ಲವೆಂದು ನಮಗೆ ಗೊತ್ತಿತ್ತು.

ಬೇಸಿಗೆಯಲ್ಲಿ ಮಾಮಾ ತನ್ನ ಹೊಲದ ಬದುವಿನ ಒಣಹುಲ್ಲಿಗೆ ಬೆಂಕಿ ಹಚ್ಚಿದ್ದ. ಸುಟ್ಟರೆ ಮೊದಲ ಮಳೆಗೆ ಹುಲ್ಲು ಹುಲುಸಾಗಿ ಏಳುತ್ತದೆಂದು ಅಲ್ಲಿ ಎಲ್ಲರೂ ಹಚ್ಚುವವರೇ. ಅವತ್ತು ಗಾಳಿ ತಿರುಗಿತು, ಬೆಂಕಿ ಗುಡ್ಡ ಹತ್ತಿತು. ಊರ ಮಂದಿ ಹಸಿ ಟೊಂಗೆ ಮುರಿದು ಸಂಜೆಯತನಕ ಬಡಿದರೂ ಕುರಿ ಮೇಯುವ ಇಡೀ ಇಳಿಜಾರು ಕರಕಲಾಯಿತು. ಊರವರೆಲ್ಲ ದಸರೆಗೆ ಎಲೆ ಕೀಳುವ ದೊಡ್ಡ ಬನ್ನಿಗಿಡವೂ ಸುಟ್ಟಿತು. ಹಚ್ಚಿದವರು ಯಾರೆಂದು ಯಾರಿಗೂ ತಿಳಿದಿರಲಿಲ್ಲ. ಮಾಮಾ ತಾನೇ ಮಂದಿಯ ನಡುವೆ ಹೋಗಿ, "ಹಚ್ಚಿದಾಂವ ನಾನ" ಎಂದಿದ್ದ. ಅಂದಿನಿಂದ ತಲೆ ಎತ್ತಿ ನಡೆದಿಲ್ಲವೆಂದು ಅವನ ಹೆಂಡತಿ, ನಮ್ಮ ಅತ್ತಿ, ಫೋನಿನಲ್ಲಿ ಹೇಳಿದ್ದಳು. "ನನ್ನ ಕೈಯಾಗಿನ ಬನ್ನಿ ಯಾರ ತಗೋತಾರ?" ಎನ್ನುತ್ತಾನಂತೆ.

ಮಳೆ ಹಿಂದೆ ಸರಿದು ಆಕಾಶ ತೊಳೆದಿಟ್ಟಂತಿತ್ತು. ನರಗುಂದದ ಗುಡ್ಡ ಕನ್ನಡಿಯಲ್ಲಿ ಸಣ್ಣದಾಗುತ್ತ ಹೋಯಿತು. ಎರಡೂ ಕಡೆ ಕಪ್ಪು ಎರೆಹೊಲ, ಒಂದರಲ್ಲಿ ಸೂರ್ಯಕಾಂತಿ, ಇನ್ನೊಂದರಲ್ಲಿ ಅರಳಿದ ಹತ್ತಿ, ಮತ್ತೊಂದರಲ್ಲಿ ಕಡಲೆ ಬಿತ್ತುವ ಕೂರಿಗೆ. ಊಟಿ, ಕೊಡಗು ಎಂದು ಓಡುವವರು ಒಮ್ಮೆ ಈ ದಾರಿ ನೋಡಬೇಕು. ಎರೆಮಣ್ಣು ಜ್ವಾಲಾಮುಖಿ ಉಗುಳಿದ ಕಲ್ಲು ಸವೆದು ಆದದ್ದೆಂದು ಸಾಲಿಯಲ್ಲಿ ಓದಿದ್ದನ್ನು ಅವ್ವನಿಗೆ ಹೇಳಿದೆ.

"ಅಂದ್ರ ಬೆಂಕಿ ಈ ಸೀಮಿಗೆ ಹೊಸಾದಲ್ಲ ಬಿಡು" ಎಂದಳು.

ರೋಣದಲ್ಲಿ ಚಹಾದಂಗಡಿಯ ಮುಂದೆ ನಿಲ್ಲಿಸಿದೆ. ಮಿರ್ಚಿ ಆಗಷ್ಟೇ ಎಣ್ಣೆಯಿಂದ ಮೇಲೆದ್ದಿತ್ತು. ನಾನು ಒಂದು ಪ್ಲೇಟು ಮುಗಿಸಿದೆ. ಅವ್ವನಿಗೆ ಮಿರ್ಚಿ ಅಂದರೆ ಜೀವ, ಆದರೂ ಮುಟ್ಟಲಿಲ್ಲ. "ಮೊದಲ ಅಂವ ಬನ್ನಿ ತಗೊಳ್ಳಿ" ಎಂದಳು. ಅಂಗಡಿಯವನು ಕರ್ಚೀಫು ನೋಡಿ ಕೇಳಿದ, "ಯಾರಿಗ್ರಿ ಅವ್ವಾರ ಬನ್ನಿ?"

"ತಮ್ಮಗ."

"ಹಿರೇರ ಹೋಗಿ ಕೊಡೂದ್ರಿ?"

"ಸಣ್ಣಾಂವ ಬರಲಿಲ್ಲಂದ್ರ ದೊಡ್ಡಾಕಿ ಹೋಗಬಾರದೇನಪಾ?"

ಅವನು ಚಹಾ ಸೋಸಿ ಅವ್ವನ ಮುಂದಿಟ್ಟ.

ರೋಣ ದಾಟಿದ ಮೇಲೆ ನೆಲ ನಿಧಾನಕ್ಕೆ ಏರತೊಡಗುತ್ತದೆ, ಮಣ್ಣು ಕೆಂಪಾಗುತ್ತದೆ. ದೂರದಲ್ಲಿ ಗಜೇಂದ್ರಗಡದ ಗುಡ್ಡಸಾಲು, ಮೇಲೆ ಗಾಳಿಯಂತ್ರಗಳು. ಊರೊಳಗೆ ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಕಾಲು ತಾಸು ಸಿಕ್ಕಿಬಿದ್ದೆ. ಪಕ್ಕದ ಓಣಿಯಿಂದ ಮಗ್ಗದ ಸದ್ದು ಬರುತ್ತಿತ್ತು. ಊರು ದಾಟಿ ತಿರುವು ಹೊರಳಿದ್ದೇ ಸುಟ್ಟ ಗುಡ್ಡ ಎದುರು ನಿಂತಿತು. ಹುಲ್ಲೇನೋ ಎದ್ದಿತ್ತು, ಆದರೆ ಬಂಡೆಗಳ ಮೇಲೆ ಮಸಿ ಹಾಗೇ ಇತ್ತು, ಕರಿ ಮೋಟುಗಳು ನಿಂತಿದ್ದವು. ನಾನು ಅವನ್ನೇ ನೋಡುತ್ತ ಕಾರು ನಿಧಾನ ಮಾಡಿದೆ. ಅವ್ವ ಮಾತ್ರ ಬೇರೆಯದನ್ನು ನೋಡಿದ್ದಳು. ಇಳಿಜಾರಿನ ತುಂಬ ಅಲ್ಲಲ್ಲಿ ಮುಳ್ಳುಕಂಟಿಯ ಸಣ್ಣ ಸಣ್ಣ ಬೇಲಿ, ಒಂದೊಂದರೊಳಗೆ ಒಂದೊಂದು ಸಸಿ.

ಮನೆಯಲ್ಲಿ ಅತ್ತಿ ಒಬ್ಬಳೇ ಇದ್ದಳು. "ಗುಡ್ಡದಾಗ ಅದಾರ್ರಿ. ದಿನಾ ಮುಂಜಾನಿ ತಾವ ನೆಟ್ಟ ಸಸಿಗೋಳಿಗೆ ಎರಡ ಕೊಡ ನೀರ ಹೊತಗೊಂಡ ಹೋಗ್ತಾರ, ಮಳಿ ಬಂದಾಗ ಅಷ್ಟ ಬಿಟ್ಟಾರ" ಎಂದಳು.

ಅವ್ವ ಮೊಣಕಾಲು ಹಿಡಿದುಕೊಂಡೇ ಹತ್ತಿದಳು. ಬನ್ನಿಗಿಡದ ಹತ್ತಿರ ಮಾಮಾ ಬೇಲಿ ಬಿಗಿ ಮಾಡುತ್ತಿದ್ದ. ಗಿಡದ ಬೊಡ್ಡೆ ಕರ್ರಗಿತ್ತು, ಬುಡದಿಂದ ಮಾತ್ರ ಮೊಳಕಾಲೆತ್ತರದ ಚಿಗುರು ಎದ್ದಿತ್ತು. ಪಕ್ಕದ ಬಂಡೆಯ ಮೇಲೆ ಎಂಬತ್ತರ ಕುರುಬ ಯಮನಪ್ಪಜ್ಜ ಕೂತಿದ್ದ. ಬೆಂಕಿಗೆ ಮೇವು ಹೋಗಿ, ಕುರಿ ಹೊಡೆದುಕೊಂಡು ಪರಸೀಮೆಗೆ ಅಲೆದವನು ಅವನೇ.

ಅವ್ವ ಕರ್ಚೀಫು ಬಿಚ್ಚಿ ಕೈ ಚಾಚಿದಳು. ಮಾಮಾ ಕೈ ಹಿಂದೆ ಕಟ್ಟಿಕೊಂಡ.

"ಬ್ಯಾಡಕ್ಕಾ. ಊರ ಬನ್ನಿ ಸುಟ್ಟ ಕೈ ಇದು."

ಯಮನಪ್ಪಜ್ಜ ಕೋಲೂರಿ ಎದ್ದ. "ನೋಡ ತಂಗಿ, ನನ್ನ ಕುರಿ ಈ ಚಿಗರ ಮೂಸಿದ್ರೂ ನನ್ನ ಜೋಡಿ ಜಗಳಾ ತಗೀತಾನ ನಿನ್ನ ತಮ್ಮ" ಎಂದು ಬೇಲಿಯೊಳಗೆ ಕೈ ಹಾಕಿದ.

"ಕಾಕಾ, ಮುರೀಬ್ಯಾಡ!" ಎಂದು ಮಾಮಾ ಕೂಗಿಯೇಬಿಟ್ಟ.

ಅಜ್ಜ ಒಂದೇ ಒಂದು ಎಸಳು ಚಿವುಟಿದ. ಅದನ್ನು ಮಾಮಾನ ಕೈ ಎಳೆದು ಅಂಗೈಯಲ್ಲಿಟ್ಟ. "ನೀ ಬರತಿ ಅಂತ ಮೂರ ದಿನಾ ಕಾದೆ. ಬರಲಿಲ್ಲ. ತಗೋ, ಬನ್ನಿ ತಗೊಂಡ ಬಂಗಾರದಂಗ ಇರೋಣು."

ಮಾಮಾ ಅಜ್ಜನ ಕಾಲಿಗೆ ಬಿದ್ದ. ಎದ್ದವನು ಅಳುತ್ತಲೇ ಆ ಎಸಳನ್ನು ಎರಡು ಮಾಡಿ, ಅರ್ಧ ಅವ್ವನ ಕೈಗೆ ಕೊಟ್ಟು ಅವಳ ಕಾಲಿಗೂ ಬಿದ್ದ. ಬೆಂಕಿ ಹಚ್ಚಿದವರು ಊರಲ್ಲಿ ಬಹಳ ಜನ ಇದ್ದಾರು. ಹಚ್ಚಿದವ ತಾನೇ ಎಂದು ಹೇಳಿ, ಆಮೇಲೆ ಕೊಡ ಹೊತ್ತವನು ನಮ್ಮ ಮಾಮಾ. ನಾನು ಅವನ ಸೋದರಸೊಸೆಯೆಂದು ಹೇಳಿಕೊಳ್ಳಲು ಅವತ್ತಿನಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ.

ಸಂಜೆ ರೋಣದಲ್ಲಿ ಅದೇ ಅಂಗಡಿಯ ಮುಂದೆ ಅವ್ವನೇ ಕಾರು ನಿಲ್ಲಿಸೆಂದಳು. ಕರ್ಚೀಫಿನಲ್ಲಿದ್ದ ಬನ್ನಿ ಅಷ್ಟನ್ನೂ ಅಂಗಡಿಯವನ ಕೈಗೆ ಹಾಕಿದಳು.

"ತಮ್ಮಾರು ತಗೊಳ್ಳಿಲ್ಲೇನ್ರಿ?" ಎಂದ ಅವನು ಕಸಿವಿಸಿಯಿಂದ.

"ಇಲ್ಲಪಾ," ಎಂದು ಅವ್ವ ಮುಷ್ಟಿ ಬಿಚ್ಚಿ ಅರ್ಧ ಎಸಳು ತೋರಿಸಿದಳು, "ಅಂವನೇ ನನಗ ಕೊಟ್ಟ. ಎರಡ ಪ್ಲೇಟ ಮಿರ್ಚಿ ಹಾಕು."