ನೀಲಾಬಾಯಿ ಓಣಿಯ ರಾಣಿ

ವಿಜಾಪುರದ ನೀಲಾಬಾಯಿ ಓಣಿಯ ಕಿರಾಣಿ ಅಂಗಡಿಕಾರ ಬಸಗೊಂಡಪ್ಪನಲ್ಲಿ ಯುದ್ಧದ ರೇಷನ್ನಿನಿಂದ ಸಕ್ಕರೆಗೆ ಬರ ಬಂದಿತ್ತು, ಇತಿಹಾಸಕ್ಕೆ ಬಂದಿರಲಿಲ್ಲ. ಕನಮಡಿ ಹಳ್ಳಿಯಿಂದ ಉಪ್ಪು ಒಯ್ಯಲು ಬಂದವನಿಗೂ, ಗೋಲಗುಮ್ಮಟ ನೋಡಲು ಬಂದ ಸಾಹೇಬನಿಗೂ ರುಮಾಲು ಸರಿಪಡಿಸಿಕೊಂಡು ಹೇಳುವನು: "ನೀಲಾಬಾಯಿ ಅಂದ್ರ ಸುಲ್ತಾನರ ಕಾಲದ ರಾಣಿರಿ. ಆನಿ ಮ್ಯಾಲ ಕುಂತು ಇದೇ ಓಣ್ಯಾಗ ಹಾದು ಹೋಗ್ತಿದ್ಳು." ಎರಡು ಎಮ್ಮೆ ಎದುರುಬದುರಾದರೆ ದಾರಿ ಕಟ್ಟುವ ಓಣಿಯಲ್ಲಿ ಆನೆ! ಒಂದು ದಿನ ಎದುರುಮನೆಯ ಮುದುಕಿ ಪೀರಾಂಬಿ ತಡೆಯಲಾರದೆ ಕೂಗಿದಳು: "ಲೇ ಬಸ್ಯಾ, ನೀಲಾಬಾಯಿ ಅಂದ್ರ ನಿಮ್ಮವ್ವ, ಓಣಿಗೆಲ್ಲಾ ನೀರು ಹೊತ್ತಾಕಿ! ಅದಕ್ಕ ಓಣಿಗೆ ಆಕಿ ಹೆಸರಿಟ್ಟೇವಿ. ಆನಿ ಎಲ್ಲಿತ್ತೋ?" ಬಸಗೊಂಡಪ್ಪ ಕೇಳಿಸದವನಂತೆ ತಕ್ಕಡಿ ಒರೆಸಿದ. ಮರುದಿನದಿಂದ ಅವನ ಕತೆಯ ರಾಣಿ ಆನೆಯಿಂದಿಳಿದು, ಕೊಡ ಹೊತ್ತು ಮನೆಮನೆಗೆ ನೀರು ಹಾಕತೊಡಗಿದಳು. ಆದರೆ ಅವನ ಬಾಯಲ್ಲಿ ಆಕೆ ರಾಣಿಯಾಗಿಯೇ ಉಳಿದಳು, ಅವ್ವ ಮಾತ್ರ ಆಗಲಿಲ್ಲ.